ಐದನೇ ಪುಟದ ಟಿಕ್

“ಆ ಒಂದು ಫಾರಂ ಬಿಟ್ಟುಬಿಡಿ. ಉಳಿದಿದ್ದೆಲ್ಲ ತಗೊಂಡು ಹೋಗಿ.”

ಎರಡು ವರ್ಷದ ಮೇಲೆ ಅವನು ಅವಳಿಗೆ ಹೇಳಿದ ಮೊದಲ ಮಾತು ಇದು!

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ರೆಕಾರ್ಡ್ ರೂಮು. ಸೂರಿನ ತನಕ ಫೈಲುಗಳು, ನಡುವೆ ಒಂದು ಮೇಜು, ಮೇಜಿನ ಹಿಂದೆ ಅವನು. ಮೇಲಿನ ಅಡ್ಮಿಷನ್ ಕೌಂಟರಿನಲ್ಲಿ ಇರಬೇಕಾದವನು ಇಲ್ಲಿ ಧೂಳು ಕುಡಿಯುತ್ತಾ ಕೂತಿದ್ದಾನೆಂದು ಗೊತ್ತಿದ್ದರೆ ಅವಳು ಈ ಕೆಲಸಕ್ಕೆ ಹೂಂ ಎನ್ನುತ್ತಲೇ ಇರಲಿಲ್ಲ.

ಅವಳು ಪೆನ್ ಡ್ರೈವನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟಳು.

“ಯಾಕೆ ಬಿಡ್ಬೇಕು? ಹಳೇ ಫಾರಂ ಎಲ್ಲಾ ಹೊಸದಾಗಿ ಮಾಡಿಕೊಡಿ ಅಂತ ಬರೆದು ಕಳಿಸಿರೋದು ನಿಮ್ಮ ಆಸ್ಪತ್ರೆಯವರೇ.”

“ಅದು ಈಗ ಬಳಕೇಲಿಲ್ಲ.”

“ಬಳಕೇಲಿಲ್ವೋ... ಇಲ್ಲಾ ಅದನ್ನ ನೋಡೋಕೆ ನಿಮಗೆ ಮುಖ ಇಲ್ವೋ?”

ಅವನು ತಲೆ ತಗ್ಗಿಸಿದ. ಅವಳಿಗೆ ಬೇಕಾಗಿದ್ದದ್ದು ಜಗಳ. ಇವನು ಅದನ್ನೂ ಕೊಡಲಿಲ್ಲ! ಕೊನೆಗೆ ಸುಮ್ಮನೆ ಪೆನ್ ಡ್ರೈವ್ ತೆಗೆದುಕೊಂಡು ಇಪ್ಪತ್ತೆರಡು ಫಾರಂಗಳನ್ನೂ ಹಾಕಿಕೊಟ್ಟ. ಬೇಡವೆಂದದ್ದೂ ಅದರಲ್ಲಿತ್ತು. ಜೊತೆಗೆ ಫಾರಂಗಳ ಪಟ್ಟಿಯ ಒಂದು ಹಾಳೆ.

*ಈ ನೆಲಮಾಳಿಗೆಯಲ್ಲೇ ಕೊಳೆಯುತ್ತಿದ್ದಾನಾ? ಕೊಳೆಯಲಿ. ಚೆನ್ನಾಗಿ ಕೊಳೆಯಲಿ!*

ಮೆಟ್ಟಿಲು ಹತ್ತುವಾಗ ಅವಳು ಎರಡು ಸಲ ಹಿಂತಿರುಗಿ ನೋಡಿದಳು. ಅದನ್ನು ಮಾತ್ರ ಅವಳು ಒಪ್ಪಿಕೊಳ್ಳಲಿಲ್ಲ.

ಅವಳ ಕೆಲಸವೇ ಫಾರಂ ಮಾಡುವುದು. ಕಾಗದದ ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬುವಂಥ ಪಿಡಿಎಫ್ ಮಾಡಬೇಕು. ಹೆಸರಿಗೊಂದು ಜಾಗ, ವಿಳಾಸಕ್ಕೊಂದು ಜಾಗ, ಟಿಕ್ ಹಾಕಲು ಪುಟ್ಟ ಬಾಕ್ಸುಗಳು, ಕೊನೆಗೆ ಸಹಿ. ಈ ಆಸ್ಪತ್ರೆಯ ಫಾರಂಗಳೆಲ್ಲ ನಾಲ್ಕು ವರ್ಷದ ಹಿಂದೆ ಅವಳ ಕೈಯಲ್ಲೇ ತಯಾರಾಗಿದ್ದವು. ಆಗ ಕೌಂಟರಿನಲ್ಲಿದ್ದ ಇವನು ದಿನ ಬೆಳಗಾದರೆ ಫೋನ್ ಮಾಡಿ ತಕರಾರು ತೆಗೆಯುತ್ತಿದ್ದ.

“ಮೇಡಂ, ನೀವು ವಿಳಾಸಕ್ಕೆ ಕೊಟ್ಟಿರೋ ಜಾಗದಲ್ಲಿ ಇರುವೆ ಕೂಡಾ ಮನೆ ಕಟ್ಟೋಕಾಗಲ್ಲ!”

“ನಿಮ್ಮ ಪೇಷಂಟ್‌ಗಳಿಗೆ ಚಿಕ್ಕ ಮನೆ ಹುಡುಕ್ಕೊಳ್ಳೋಕೆ ಹೇಳಿ!”

ಅವನು ಅವಳಿಗೆ ಫಾರಂ ರಾಣಿ ಎಂದು ಹೆಸರಿಟ್ಟ. ಹಗಲೆಲ್ಲ ಠಪ್ ಠಪ್ ಸೀಲು ಹೊಡೆಯುವವನಿಗೆ ಅವಳು ಸೀಲಪ್ಪ ಎಂದು ಇಟ್ಟಳು. ತಕರಾರು ಮುಗಿದ ಮೇಲೂ ಫೋನು ಮುಗಿಯಲಿಲ್ಲ. ಎರಡೂ ಮನೆಯವರು ಕೂತು ಮದುವೆ ಮಾತೂ ಆಡಿದರು.

ಆಮೇಲೆ ಅಪ್ಪ ಹರ್ನಿಯಾ ಆಪರೇಷನ್ನಿಗೆಂದು ಅದೇ ಆಸ್ಪತ್ರೆಗೆ ಸೇರಿದರು. ಅವಳು ಆಫೀಸಿನಲ್ಲಿದ್ದಳು, ಅಮ್ಮ ವಾರ್ಡಿನಲ್ಲಿ ಹಾಸಿಗೆ ಸರಿಮಾಡುತ್ತಿದ್ದರು. ಕೌಂಟರಿನ ಕಂಪ್ಯೂಟರ್ ಮುಂದೆ ಅಪ್ಪನ ಪಕ್ಕ ನಿಂತು ಒಪ್ಪಿಗೆ ಫಾರಂ ತುಂಬಿಸಿದವನು ಈ ಭಾವಿ ಅಳಿಯನೇ.

ಆಪರೇಷನ್ ಸರಿಯಾಗಿಯೇ ಆಯಿತು. ಮೂರನೇ ದಿನ ಅಪ್ಪನ ಉಸಿರು ಇದ್ದಕ್ಕಿದ್ದಂತೆ ನಿಂತಿತು. ಡ್ಯೂಟಿ ಡಾಕ್ಟರು ಓಡಿ ಬಂದರು, ಫಾರಂ ತೆರೆದು ನೋಡಿದರು, ಸುಮ್ಮನೆ ಹಿಂದೆ ಸರಿದರು. ಐದನೇ ಪುಟ... ‘ಉಸಿರು ನಿಂತರೆ ಯಂತ್ರಕ್ಕೆ ಹಾಕುವುದು’ ಎಂಬಲ್ಲಿ ‘ಬೇಡ’ ಎಂದು ಟಿಕ್ ಇತ್ತು. ಕೊನೇ ಪುಟದಲ್ಲಿ ಅಪ್ಪನ ಸಹಿ. ಅದರ ಪಕ್ಕ ಸಾಕ್ಷಿಯ ಸಹಿ, ಇವನದು!

“ಅಪ್ಪ ಹಾಗೆ ಹೇಳೋರಲ್ಲ! ಅದೇನಂತ ಅವರಿಗೆ ಓದಿ ಹೇಳಿದ್ಯಾ ನೀನು?” ಕಾರಿಡಾರಿನಲ್ಲಿ ಅವಳು ಕಿರುಚಿದ್ದಳು.

ಆ ದಿನ ಅವನು ಬಾಯಿ ಬಿಡಲಿಲ್ಲ. ಮಾರನೇ ದಿನ ಮನೆಗೆ ಬಂದು, ಅಮ್ಮನ ಎದುರೇ ನೆಲ ನೋಡುತ್ತಾ ಹೇಳಿದ. “ಓದಿ ಹೇಳಿದೆ. ಅವರೇ ಬೇಡ ಅಂದ್ರು.”

ಅಮ್ಮ ಆ ಮಾತನ್ನು ನಂಬಿದರು. ಅವಳು ನಂಬಲಿಲ್ಲ. ಅವಸರದಲ್ಲಿ ಕ್ಲಿಕ್ ಮಾಡಿಸಿ, ಈಗ ಸತ್ತವರ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡಳು. “ಇನ್ನು ನಿನ್ನ ಮುಖ ತೋರಿಸಬೇಡ” ಎಂದಳು. ಅವನು ತೋರಿಸಲಿಲ್ಲ. ಅವತ್ತಿನಿಂದ ಅಮ್ಮ ಮನೆಯಲ್ಲಿ ಅಪ್ಪನ ಮಾತೆತ್ತುವುದನ್ನೇ ಬಿಟ್ಟರು. ದುಃಖ ಜಾಸ್ತಿಯಾಗಿ ಹೀಗಾಗಿದ್ದಾರೆ ಎಂದು ಮಗಳು ತಿಳಿದಳು. ನೋಡಿ, ಒಂದೇ ಸೂರಿನ ಕೆಳಗೆ ಇದ್ದರೂ ನಮಗೆ ಗೊತ್ತಾಗುವುದು ಇಷ್ಟೇ.

ರೆಕಾರ್ಡ್ ರೂಮಿನಿಂದ ಬಂದ ಮಾರನೇ ದಿನ ಅವಳು ಆಫೀಸಿಗೆ ಎಲ್ಲರಿಗಿಂತ ಮೊದಲು ಹೋದಳು. ಅವನು ಬಿಟ್ಟುಬಿಡಿ ಎಂದ ಆ ಒಪ್ಪಿಗೆ ಫಾರಂ ಅನ್ನೇ ಮೊದಲು ತೆರೆದಳು. ಅದೇನು ಒಳ್ಳೆಯ ಉದ್ದೇಶವಲ್ಲ, ಗಾಯ ಕೆರೆದುಕೊಳ್ಳುವ ಚಟ.

ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದರೆ ಫಾರಂನ ಪ್ರತಿ ಬಾಕ್ಸಿನ ಮೇಲೂ ಅದರ ಹೆಸರು ಕಾಣುತ್ತದೆ. ತುಂಬುವವರಿಗೆ ಕಾಣದ, ಮಾಡಿದವರಿಗಷ್ಟೇ ಕಾಣುವ ಹೆಸರು.

ಐದನೇ ಪುಟ. ಯಂತ್ರದ ಪ್ರಶ್ನೆ. ಬಾಕ್ಸಿನ ಹೆಸರು, ‘ಬೇಡ-1’.

*ಬೇಡ-1? ಸಾಲಾಗಿ ನಂಬರ್ ಕೊಟ್ಟಿದ್ದರೆ ಒಂದು ಹೇಗೆ ಆಗುತ್ತೆ? ಇದು ಐದನೇ ಪುಟ...*

ಮೇಲಕ್ಕೆ ಹೋದಳು. ಎರಡನೇ ಪುಟ. ‘ತರಬೇತಿ ವೈದ್ಯರು ಬಂದು ನಿಮ್ಮನ್ನು ಪರೀಕ್ಷಿಸಬಹುದೇ?’ ಅಲ್ಲಿನ ಬಾಕ್ಸಿನ ಹೆಸರೂ ‘ಬೇಡ-1’.

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

ಒಂದೇ ಹೆಸರಿನ ಎರಡು ಬಾಕ್ಸುಗಳನ್ನು ಕಂಪ್ಯೂಟರು ಒಂದೇ ಎಂದು ತಿಳಿಯುತ್ತದೆ. ಮೊದಲ ಪುಟದಲ್ಲಿ ರೋಗಿಯ ಹೆಸರು ಬರೆದರೆ ಎಲ್ಲ ಪುಟದಲ್ಲೂ ತಾನೇ ಬರಲಿ ಎಂದು ಬೇಕೆಂದೇ ಹಾಗೆ ಮಾಡುತ್ತಾರೆ. ಆದರೆ ಇದು ಬೇಕೆಂದು ಮಾಡಿದ್ದಲ್ಲ. ಎರಡನೇ ಪುಟದ ಬಾಕ್ಸನ್ನು ಕಾಪಿ ಮಾಡಿ ಐದನೇ ಪುಟಕ್ಕೆ ಅಂಟಿಸಿದವಳು ಅವಳೇ. ಹೆಸರು ಬದಲಾಯಿಸಬೇಕಿತ್ತು. ಬದಲಾಯಿಸಲಿಲ್ಲ. ಅಂದು ಏನು ಅವಸರವಿತ್ತೋ, ಈಗ ಎಷ್ಟು ತಲೆ ಕೆದಕಿಕೊಂಡರೂ ನೆನಪಾಗಲಿಲ್ಲ.

ಎರಡನೇ ಪುಟದಲ್ಲಿ ಟಿಕ್ ಹಾಕಿದಳು. ಐದಕ್ಕೆ ಓಡಿದಳು. ಟಿಕ್ ಇತ್ತು! ತೆಗೆದಳು. ಹೋಯಿತು. ಮತ್ತೆ ಹಾಕಿದಳು...

ಅಪ್ಪ ನಾಚಿಕೆಯ ಮನುಷ್ಯ. ಡಾಕ್ಟರಿಕೆ ಕಲಿಯುವ ಮಕ್ಕಳ ಮುಂದೆ ಹೊಟ್ಟೆ ತೋರಿಸು ಎಂದರೆ ಬೇಡ ಎನ್ನದೆ ಇನ್ನೇನು ಎಂದಾರು?

ಹತ್ತು ಸಲ ಹಾಕಿ ತೆಗೆದಳು. ಆಮೇಲೆ ಅವನು ಕೊಟ್ಟ ಪಟ್ಟಿ ನೋಡಿದಳು. ಆ ಫಾರಂನ ಎದುರು ಬರೆದಿತ್ತು, ‘ಬಳಕೆಯಿಂದ ಹಿಂತೆಗೆದಿದೆ’. ತಾರೀಕು, ಅಪ್ಪ ತೀರಿಕೊಂಡ ಮಾರನೇ ದಿನದ್ದು. ಸಹಿ ಅವನದು.

*ಇವನಿಗೆ ಗೊತ್ತಿತ್ತು... ಅಯ್ಯೋ, ಇವನಿಗೆ ಗೊತ್ತಿತ್ತು!*

ಮಧ್ಯಾಹ್ನ ಅವಳು ರೆಕಾರ್ಡ್ ರೂಮಿಗೆ ನುಗ್ಗಿದಾಗ ಅವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಅವಳ ಮುಖ ನೋಡಿದವನೇ ಮತ್ತೆ ಮುಚ್ಚಿದ.

“ಯಾವಾಗ ಗೊತ್ತಾಯ್ತು ನಿಂಗೆ?”

“ಮಾರನೇ ದಿನ ಬೆಳಿಗ್ಗೆ.” ಅವನ ದನಿ ತೀರಾ ಸಣ್ಣಗಿತ್ತು. “ಅವರು ಒಂದೇ ಒಂದು ಬೇಡ ಒತ್ತಿದ್ದು. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಇನ್ನೊಂದು ಎಲ್ಲಿಂದ ಬಂತು ಅಂತ ತಲೆ ಕೆಟ್ಟುಹೋಯ್ತು. ಖಾಲಿ ಫಾರಂ ತೆಗೆದು ಒತ್ತಿ ನೋಡಿದೆ...”

“ಓದಿ ಹೇಳಿದೆ ಅಂದ್ಯಲ್ಲ?”

“ಸುಳ್ಳು. ಐದನೇ ಪುಟ ನಾನು ನೋಡಲೇ ಇಲ್ಲ. ನೀನು ಮಾಡಿದ ಫಾರಂ, ನಿಮ್ಮಪ್ಪ... ಮನೆಯವರೇ ತಾನೇ ಅಂತ ನೇರವಾಗಿ ಕೊನೇ ಪುಟಕ್ಕೆ ಹೋಗಿ ಸಹಿ ಹಾಕಿಬಿಟ್ಟೆ. ಓದಿದ್ರೆ ಅಲ್ಲೇ ಸಿಕ್ತಿತ್ತು. ಆಮೇಲೆ ಆ ಕೌಂಟರಲ್ಲಿ ಕೂರೋಕಾಗಲಿಲ್ಲ. ನಾನೇ ಕೇಳ್ಕೊಂಡು ಇಲ್ಲಿಗೆ ಬಂದೆ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ? ನಿಮ್ಮಪ್ಪನ್ನ ಬಲಿ ತಗೊಂಡಿದ್ದು ನೀನು ಮಾಡಿದ ಫಾರಂ ಅಂತಲಾ?”

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಯಂತ್ರಕ್ಕೆ ಹಾಕಿದ್ದರೆ ಅಪ್ಪ ಬದುಕುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಾಗೆಂದು ಸಮಾಧಾನ ಮಾಡಿಕೊಳ್ಳುವವಳೂ ಅವಳಲ್ಲ.

“ಎರಡು ವರ್ಷ ನಿನಗೆ ಹಿಡಿಶಾಪ ಹಾಕಿದ್ದೀನಿ ನಾನು! ಕೊಲೆಗಾರ ಅಂದಿದ್ದೀನಿ! ನಾನು ಏನು ತಡ್ಕೋತೀನಿ, ಏನು ತಡ್ಕೊಳಲ್ಲ ಅಂತ ತೀರ್ಮಾನ ಮಾಡೋಕೆ ನೀನ್ಯಾರು?”

“ಯಾರೂ ಅಲ್ಲ. ಆದ್ರೆ ನನ್ನ ಮೇಲೆ ಸಿಟ್ಟಿದ್ರೆ ನೀನು ಎದ್ದು ಓಡಾಡ್ತೀಯ, ಕೆಲಸಕ್ಕೆ ಹೋಗ್ತೀಯ ಅನ್ನಿಸ್ತು. ನಿನ್ನ ಮೇಲೆ ನಿನಗೇ ಸಿಟ್ಟು ಬಂದ್ರೆ... ನನಗೆ ಹೆದರಿಕೆ ಆಯ್ತು ಕಣೇ.”

ಕಣೇ! ಎರಡು ವರ್ಷದ ಮೇಲೆ ಆ ಒಂದು ಪದ ಕೇಳಿ ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ ಅವನ ತೋಳಿಗೆ ರಪರಪನೆ ಬಾರಿಸಿದಳು. ಅವನು ತಡೆಯಲಿಲ್ಲ.

“ಅಮ್ಮಂಗೆ ಹೇಳ್ತೀನಿ,” ಎಂದಳು ಕೊನೆಗೆ.

“ಬೇಡ. ನನ್ನ ಮೇಲೇ ಇರ್ಲಿ ಬಿಡು. ನನಗೆ ಅಭ್ಯಾಸ ಆಗಿದೆ.”

“ನನಗಿರೋದು ಅವರೊಬ್ಬರೇ. ಹೇಳಿದ್ರೆ ಅವರೂ ನನಗೆ ಇಲ್ಲ ಅಂತ ಗೊತ್ತು. ಆದ್ರೂ ಇದನ್ನ ಹೊಟ್ಟೇಲಿಟ್ಕೊಂಡು ಅವರ ಕೈಯೂಟ ಉಣ್ಣೋಕಾಗಲ್ಲ ನನ್ನಿಂದ.”

“ಹಾಗಾದ್ರೆ ನಾನೂ ಬರ್ತೀನಿ.”

“ಬರಲೇಬೇಕು. ಸುಳ್ಳು ಹೇಳಿದ ಬಾಯಲ್ಲೇ ನಿಜ ಹೇಳು.”

ಸಂಜೆ ಅಮ್ಮ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದರು. ಬಾಗಿಲಲ್ಲಿ ಅವನನ್ನು ಕಂಡು ಮುಖ ಗಂಟಿಕ್ಕಿದರು.

“ಇವನ್ಯಾಕೆ ಬಂದ?”

ಅವಳು ಚಪ್ಪಲಿ ಕೂಡ ಬಿಡದೆ ಹೇಳತೊಡಗಿದಳು. ನಿಂತರೆ ಮತ್ತೆ ಹೇಳಲಾಗುವುದಿಲ್ಲ ಎಂಬ ಭಯ. ಅಮ್ಮನಿಗೆ ಕಂಪ್ಯೂಟರ್ ತಿಳಿಯದು. “ಒಂದು ಸ್ವಿಚ್ ಒತ್ತಿದ್ರೆ ಎರಡು ರೂಮಲ್ಲಿ ಲೈಟ್ ಹತ್ತುತ್ತಲ್ಲ ಅಮ್ಮಾ, ಹಾಗೆ. ಅಪ್ಪ ಒತ್ತಿದ್ದು ಒಂದು. ಹತ್ತಿದ್ದು ಎರಡು. ಆ ವೈರ್ ತಪ್ಪಾಗಿ ಕೊಟ್ಟಿದ್ದು... ನಾನು.”

“ಅವರು ಬೇಡ ಅಂದ್ರು ಅಂತ ನಾನು ಹೇಳಿದ್ದು ಸುಳ್ಳು, ಅಮ್ಮ,” ಎಂದ ಅವನು. “ಆ ಪುಟ ಅವರು ನೋಡೇ ಇರಲಿಲ್ಲ. ನಾನೂ ಓದಲಿಲ್ಲ.”

ಅಮ್ಮನ ಕೈಯಲ್ಲಿದ್ದ ಟವಲ್ ಅರ್ಧ ಮಡಚಿದ ಹಾಗೇ ಉಳಿಯಿತು. ಅವಳು ಕಣ್ಣು ಮುಚ್ಚಿಕೊಂಡಳು. *ಬೈಯಲಿ... ಹೊಡೆಯಲಿ... ಮನೆ ಬಿಟ್ಟು ಹೋಗು ಅನ್ನಲಿ...*

“ಅಂದ್ರೆ...” ಅಮ್ಮನ ದನಿ ಎಲ್ಲಿಂದಲೋ ಬಂದಂತಿತ್ತು. “ಅವರು ಬೇಡ ಅನ್ನಲಿಲ್ವಾ?”

“ಇಲ್ಲಮ್ಮ.”

“ನನ್ನ ಒಂದು ಮಾತೂ ಕೇಳ್ದೆ... ಹೋದ್ರೆ ಹೋಗ್ಲಿ ಅಂತ... ಅವರು ಅಂದ್ಕೊಂಡಿರಲಿಲ್ವಾ?”

“ಇಲ್ಲ, ಅಮ್ಮ,” ಎಂದ ಅವನು.

“ಎರಡು ವರ್ಷ ಕಣೋ!” ಅಮ್ಮ ಎದ್ದು ಅವನ ಅಂಗಿ ಹಿಡಿದು ಅಲುಗಾಡಿಸಿದರು. “ಎರಡು ವರ್ಷ ದಿನಾ ಆ ಪುಣ್ಯಾತ್ಮನ್ನ ಬೈದಿದ್ದೀನಿ! ಮೂವತ್ತೆರಡು ವರ್ಷ ಬಾಳಿದವಳಿಗೆ ಹೇಳ್ದೆ ಸಾಯೋಕೆ ಸಹಿ ಹಾಕಿದ್ರಲ್ಲ, ನನ್ನ ಸಹವಾಸ ಅಷ್ಟು ಸಾಕಾಗಿತ್ತೇನೋ ಅಂತ... ಯಾರ ಹತ್ರ ಹೇಳ್ಕೊಳ್ಲಿ ನಾನು? ಇವಳನ್ನ ಕಾಪಾಡೋಕೆ ಹೋದ್ಯಲ್ಲ, ನನ್ನ ನೆನಪಾಗಲಿಲ್ವಾ ನಿನಗೆ?”

ಆ ಸುಳ್ಳು ಇನ್ನೊಬ್ಬರ ಮನೆ ಸುಡುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಪ್ರೀತಿಸುವವರ ದಡ್ಡತನವೇ ಇದು, ಒಬ್ಬರ ಮುಖ ಕಂಡರೆ ಪಕ್ಕದಲ್ಲಿರುವವರು ಕಾಣುವುದಿಲ್ಲ.

ಅಮ್ಮ ಮಗಳ ಕಡೆ ತಿರುಗಿದರು. “ಇವತ್ತು ನಿನ್ನ ಮುಖ ನೋಡೋಕಾಗಲ್ಲ ನನಗೆ. ಸ್ವಲ್ಪ ಹೊತ್ತು ಹೊರಗಿರು. ಆಮೇಲೆ ಬಾ.” ಒಳಗೆ ಹೊರಟವರು ನಿಂತು ಮತ್ತೆ ಹೇಳಿದರು. “ಬಂದೇ ಬಾ.”

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಒಳಗಿಂದ ಅಮ್ಮ ಅಳುವುದು ಕೇಳುತ್ತಿತ್ತು. ಎರಡು ವರ್ಷದಿಂದ ಅತ್ತಿರದಿದ್ದ ಅಳು.

“ನಿನ್ನ ಕ್ಷಮಿಸೋಕೆ ನನಗಿನ್ನೂ ಆಗ್ತಿಲ್ಲ,” ಎಂದಳು.

“ಗೊತ್ತು.”

“ನನ್ನನ್ನ ಅಂತೂ ಆಗೋದೇ ಇಲ್ಲ.”

“ಅದೂ ಗೊತ್ತು.”

“ಗೊತ್ತಿದ್ದೂ ಯಾಕೆ ಕೂತಿದ್ದೀಯ? ಎದ್ದು ಹೋಗು. ಬೇರೆ ಯಾರನ್ನಾದ್ರೂ ನೋಡಿ ಮದುವೆ ಆಗು.”

“ಎರಡು ವರ್ಷ ಟೈಮ್ ಇತ್ತಲ್ಲ, ಆಗೋ ಹಾಗಿದ್ರೆ ಆಗಿರ್ತಿದ್ದೆ.” ಅವನು ಕೈ ನೋಡಿಕೊಂಡ. “ನೀನು ಬಿಟ್ರೆ ನನಗೆ ಯಾರೂ ಬೇಡ. ನೀನು ಬೈದ್ರೂ ಸರಿ, ಮಾತು ಬಿಟ್ರೂ ಸರಿ. ಇಷ್ಟೇ ನನಗೆ ಹೇಳೋಕೆ ಬರೋದು.”

“ದಿನಾ ಬೈತಿದ್ದೆ ನಿನ್ನ,” ಎಂದಳು ಅವಳು. “ಒಂದು ದಿನಾನೂ ಮರೀಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬರೋದು.”

ಒಳಗಿಂದ ಅಮ್ಮನ ದನಿ ಕೇಳಿಸಿತು. “ಅವನು ಹೋದ್ನಾ?”

ಅವಳು ಬಾಗಿಲ ಕಡೆ ತಿರುಗಿದಳು. “ಇಲ್ಲಮ್ಮ. ಇದ್ದಾನೆ.”

“ಒಳಗೆ ಕರ್ಕೊಂಡು ಬಾ. ಅವತ್ತು ಫಾರಂ ತುಂಬೋವಾಗ ಅವರ ಜೊತೆ ಇದ್ದವನು ಇವನೊಬ್ಬನೇ ತಾನೇ. ಏನು ಮಾತಾಡಿದ್ರು, ನಗ್ತಿದ್ರಾ, ನನ್ನ ಬಗ್ಗೆ ಏನಾದ್ರೂ ಅಂದ್ರಾ... ಎಲ್ಲಾ ಹೇಳ್ಲಿ ನನಗೆ.”

ಅವನು ಎದ್ದು ನಿಂತ. ಬಾಗಿಲ ತನಕ ಹೋಗಿ ಕಾಲು ಮುಂದಿಡಲಾರದೆ ತಿರುಗಿ ನೋಡಿದ.

“ನನಗೆ ಧೈರ್ಯ ಸಾಲ್ತಿಲ್ಲ. ಪಕ್ಕದಲ್ಲಿ ಕೂರ್ತೀಯಾ?”

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

“ಕೂರ್ತೀನಿ. ಒಂದು ಮಾತೂ ಬಿಡದೆ ಹೇಳು. ನಾನೂ ಕೇಳ್ಬೇಕು.”