ದೇವರ ಜೊತೆ ಟೂ

"ಗೋಡೆ ಬಿದ್ದ ಮೇಲೆ ಏನಾಯ್ತು ಅಕ್ಕ?"

ಸಂಡೇ ಸ್ಕೂಲಿನ ಮಕ್ಕಳೆಲ್ಲ ಖಾಲಿ ರಟ್ಟಿನ ಡಬ್ಬಗಳಿಗೆ ಕಲ್ಲಿನ ಬಣ್ಣ ಬಳಿಯುತ್ತಿದ್ದರು. ಮುಂದಿನ ಭಾನುವಾರ ಚರ್ಚಿನಲ್ಲಿ ಯೆರಿಕೋ ಪಟ್ಟಣದ ನಾಟಕ. ತುತ್ತೂರಿ ಊದಬೇಕು, ಜನ ಕೂಗಬೇಕು, ಗೋಡೆ ದಡದಡ ಬೀಳಬೇಕು. ತುತ್ತೂರಿ ಚೋಟಿಯದು. ಕ್ಲಾಸಿಗೆಲ್ಲ ಅವಳೇ ಕುಳ್ಳಿ, ಆದರೆ ಉಸಿರು ಗಟ್ಟಿ.

"ಎಲ್ಲರೂ ಚಪ್ಪಾಳೆ ಹೊಡೀತಾರೆ, ನಾಟಕ ಮುಗಿಯುತ್ತೆ," ಅಂದರು ಟೀಚರ್ ಅಕ್ಕ.

ಚೋಟಿ ಕೇಳಿದ್ದು ನಾಟಕದ ಮಾತಲ್ಲ. ಅವಳು ಮನೆಯಲ್ಲಿ ಬೈಬಲ್ ತೆಗೆದು ಆ ಅಧ್ಯಾಯವನ್ನು ಪೂರ್ತಿ ಓದಿದ್ದಳು. ಗೋಡೆ ಬಿದ್ದ ಮೇಲೆ, ಪಟ್ಟಣವನ್ನು ಮುತ್ತಿದ್ದ ಜನ ಒಂದು ಮನೆಯವರನ್ನು ಬಿಟ್ಟು ಒಳಗಿದ್ದ ಎಲ್ಲರನ್ನೂ ಕೊಂದರು ಎಂದಿತ್ತು. ಮುದುಕರನ್ನು, ಮಕ್ಕಳನ್ನು, ಕತ್ತೆಗಳನ್ನೂ. ದೇವರೇ ಹಾಗೆ ಮಾಡಿಸಿದ್ದಂತೆ.

ಅದನ್ನು ಹೇಳಿದಾಗ ಅಕ್ಕನ ಮುಖ ಸಣ್ಣದಾಯಿತು. ಅದೆಲ್ಲ ದೊಡ್ಡವರ ವಿಷಯ, ನೀನು ಬಣ್ಣ ಬಳಿ ಎಂದು ಮಾತು ತೇಲಿಸಿದರು.

ಅವತ್ತಿನಿಂದ ಚೋಟಿ ಪ್ರಾರ್ಥನೆ ಮಾಡಲಿಲ್ಲ. ಊಟಕ್ಕೆ ಮೊದಲು ಮನೆಯವರೆಲ್ಲ ಕಣ್ಣು ಮುಚ್ಚಿದರೆ ಅವಳು ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ಯಾಕೆಂದು ಅಮ್ಮ ಕೇಳಿದಾಗ, "ನಾನು ದೇವರ ಜೊತೆ ಟೂ ಬಿಟ್ಟಿದೀನಿ," ಅಂದಳು.

ಅಣ್ಣ ಕಿಸಕ್ಕನೆ ನಕ್ಕ. ಅಮ್ಮ ನಗಲಿಲ್ಲ. ಯೆರಿಕೋ ವಿಷಯವನ್ನೆಲ್ಲ ಕೇಳಿ, ಆ ಪುಟ ತನಗೂ ಓದಲಾಗುವುದಿಲ್ಲ, ಪಾಸ್ಟರ್ ಅಂಕಲ್‌ನ ಕೇಳಿ ನೋಡು ಎಂದಳು.

ಶನಿವಾರ ಸಂಜೆ ಪಾಸ್ಟರ್ ಅಂಕಲ್ ಚರ್ಚಿನ ಮೆಟ್ಟಿಲ ಮೇಲೆ ಕೂತು ಕೆಟ್ಟ ಮೈಕನ್ನು ಬಿಚ್ಚುತ್ತಿದ್ದರು. ಬೈದಾರೆಂಬ ಭಯಕ್ಕೆ ಚೋಟಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

ಇದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ ಎಂದರು. ಆ ಪಟ್ಟಣದವರ ಪಾಪ ಮಿತಿಮೀರಿತ್ತು, ಅದು ದೇವರ ತೀರ್ಪು ಎನ್ನುವವರಿದ್ದಾರೆ. ಯುದ್ಧ ಮಾಡಿದ ಜನ ದೇವರ ಬಗ್ಗೆ ತಮಗೆ ತಿಳಿದ ಹಾಗೆ ಬರೆದಿಟ್ಟರು ಎನ್ನುವವರೂ ಇದ್ದಾರೆ.

"ಮಕ್ಕಳು ಏನು ಪಾಪ ಮಾಡಿದ್ರು ಅಂಕಲ್?"

"ಅಲ್ಲಿಗೆ ಬಂದ್ರೆ ನಾನೂ ನಿಂತುಬಿಡ್ತೀನಿ. ಆಗ ಯೇಸುಸ್ವಾಮಿ ಏನು ಮಾಡಿದ್ರು ಅಂತ ನೋಡ್ತೀನಿ."

ಒಂದು ಹಳ್ಳಿಯವರು ಯೇಸುವನ್ನು ಒಳಗೆ ಸೇರಿಸಲಿಲ್ಲವಂತೆ. ಇಬ್ಬರು ಶಿಷ್ಯರಿಗೆ ಮೈಯೆಲ್ಲ ಉರಿದುಹೋಯಿತು. ಆಕಾಶದಿಂದ ಬೆಂಕಿ ಬೀಳಿಸಿ ಇವರನ್ನು ಸುಟ್ಟುಬಿಡೋಣವೇ ಎಂದು ಕೇಳಿದರು. ಯೇಸು ತಿರುಗಿ ಗದರಿಸಿದ್ದು ಹಳ್ಳಿಯವರನ್ನಲ್ಲ, ಶಿಷ್ಯರನ್ನು. ಆಮೇಲೆ ಸುಮ್ಮನೆ ಇನ್ನೊಂದು ಹಳ್ಳಿಯ ದಾರಿ ಹಿಡಿದರು.

"ಇದೂ ಅದೇ ಬೈಬಲಲ್ಲಿ ಇದೆಯಾ?"

"ಅದೇ ಬೈಬಲಲ್ಲಿ. ದೇವರು ಹೇಗಿದಾರೆ ಅಂತ ನಾನು ಯೇಸುವನ್ನ ನೋಡಿ ತಿಳ್ಕೋತೀನಿ. ಆದ್ರೂ ಆ ಮಕ್ಕಳ ವಿಷಯ ನನಗೆ ಪೂರ್ತಿ ಗೊತ್ತಿಲ್ಲ ಮಗಳೇ. ದೇವರನ್ನ ಕೇಳ್ತಾನೇ ಇದೀನಿ."

"ಕೇಳಿದ್ರೆ ಕೋಪ ಬರಲ್ವಾ ಅವರಿಗೆ?"

ಬೈಬಲಿನಲ್ಲಿ ದೇವರ ಜೊತೆ ಜಗಳಕ್ಕೆ ನಿಂತವರು ಬೇಕಾದಷ್ಟು ಜನ ಇದ್ದಾರೆ ಎಂದು ಹೇಳಿ, ಅವರು ಮತ್ತೆ ಮೈಕ್ ಕೈಗೆತ್ತಿಕೊಂಡರು.

ಚೋಟಿ ಮನೆಯ ಕಡೆ ಹೊರಟಳು. ಆ ಮಕ್ಕಳು ಈಗ ಎಲ್ಲಿದಾರೆ? ಗೋಡೆ ಬಿದ್ದಾಗ ನಿನಗೆ ಅಳು ಬರಲಿಲ್ವಾ? ಬೇಕರಿ ದಾಟಿತು, ಹೊಲಿಗೆ ಅಂಗಡಿಯೂ ದಾಟಿತು. ನಿಜ ಹೇಳು, ಕೊಲ್ಲಿ ಅಂತ ನೀನೇ ಹೇಳಿದ್ದಾ, ಇಲ್ಲ ಅವರೇ ಹಾಗೆ ತಿಳ್ಕೊಂಡ್ರಾ?

ಸೈಕಲ್ಲಿನಲ್ಲಿ ಎದುರು ಬಂದ ಹಾಲಿನವನು ಬ್ರೇಕ್ ಹಿಡಿದ. "ಯಾರ ಜೊತೆ ಮಾತಾಡ್ತಿದೀಯಾ ಪುಟ್ಟಿ?"

ಚೋಟಿ ಗಕ್ಕನೆ ನಿಂತಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳ ಕಿವಿ ಬೆಚ್ಚಗಾಯಿತು. ಹಾಲಿನವನು ಮುಂದೆ ಹೋಗುವವರೆಗೆ ಕಾದು, ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು.