ಭಾನುವಾರದ ಒದ್ದೆ ಗೋಡೆ

ನಾಲ್ಕನೆಯ ಗಿರಾಕಿಯೂ ಮೂವತ್ತೊಂದು ಮೆಟ್ಟಿಲು ಇಳಿದು, ಹಿಂತಿರುಗಿ ಕೂಡ ನೋಡದೆ ಸ್ಕೂಟರ್ ಹತ್ತಿ ಹೊರಟುಹೋದಾಗ ಬ್ರೋಕರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹೋಗುವಾಗ ಆ ಮನುಷ್ಯ ಹೇಳಿದ್ದು ಒಂದೇ ಮಾತು: "ನಡುಮನೆ ಗೋಡೆ ನೀರು ಕುಡಿದಿದೆ ಸ್ವಾಮಿ, ನಮಗೆ ಬೇಡ." ಅವನಿಗಿಂತ ಮುಂಚೆ ಬಂದ ಇಬ್ಬರೂ ಇದನ್ನೇ ಹೇಳಿ ಹೋಗಿದ್ದರು.

ಮೆಟ್ಟಿಲ ಬುಡದಲ್ಲಿ ನಿಂತಿದ್ದ ಮನೆಯ ಇಬ್ಬರು ತಮ್ಮಂದಿರ ಮುಖ ನೋಡಲಾಗುತ್ತಿರಲಿಲ್ಲ. ದೊಡ್ಡವನು ಬಸ್ ಡ್ರೈವರ್. ಚಿಕ್ಕವನು ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್. ಇವರ ಅಕ್ಕ ಮೇಲೆ ಮನೆಯಲ್ಲಿದ್ದಳು. ಟೈಪಿಸ್ಟ್ ಆಗಿದ್ದವಳು, ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲೇ ಗಾಲಿಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಿದ್ದಳು. ಐದು ತಿಂಗಳಿಂದ ಆಕೆ ಆ ಮೆಟ್ಟಿಲು ಇಳಿದಿರಲಿಲ್ಲ. ಡ್ರೈವರನ ಮನೆಯ ಹಿಂದಿನ ಓಣಿಯಲ್ಲಿ, ರಸ್ತೆಯ ಮಟ್ಟಕ್ಕೇ ಇರುವ ಒಂದು ಪುಟ್ಟ ಮನೆಯನ್ನು, ಈ ಮನೆ ಮಾರಿದ ದುಡ್ಡಿನಲ್ಲಿ ಕೊಳ್ಳಲೆಂದು, ಆಕೆಗಾಗಿ ಗೊತ್ತುಮಾಡಿದ್ದರು. ಅದರ ಯಜಮಾನ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆ ಎಂದಿದ್ದ. ಉಳಿದಿದ್ದು ಇನ್ನೊಂದೇ ಭಾನುವಾರ.

"ಅಕ್ಕಂಗೆ ಏನೂ ಹೇಳಬೇಡಿ," ಎಂದ ಡ್ರೈವರ್, ಎಂದಿನಂತೆ. "ಗಿರಾಕಿಗೆ ದಿಕ್ಕು ಸರಿಬರಲಿಲ್ಲ ಅಂದ್ಬಿಡೋಣ. ಸುಮ್ನೆ ಯಾಕೆ ನೋಯಿಸೋದು?"

"ಎಷ್ಟು ಸಲ ಅಂತ ದಿಕ್ಕು ಸರಿಬರದೇ ಇರುತ್ತೋ?" ಎಂದು ಪೇಂಟರ್ ಗೊಣಗಿದ.

ಬ್ರೋಕರ್ ಅವನನ್ನೇ ದುರುಗುಟ್ಟಿ ನೋಡಿದ. ಈ ಹುಡುಗನ ಮೇಲೆ ಅವನಿಗೆ ಮೊದಲಿಂದಲೂ ಅನುಮಾನವಿತ್ತು. ಆದರೆ ಅನುಮಾನ ಇಟ್ಟುಕೊಂಡು ಮನೆ ಮಾರಲಾಗುವುದಿಲ್ಲವಲ್ಲ. ಅವನು ಫೋನ್ ತೆಗೆದು ತನ್ನ ಸೋದರತ್ತೆಗೆ ಕರೆ ಮಾಡಿದ.

ಊರಿಗೆಲ್ಲ ಆಕೆ ಮೀಟರಮ್ಮ. ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿ ನಿವೃತ್ತಳಾದವಳು. ಯಾರ ಮನೆಯ ಯಾವ ನಲ್ಲಿ ಸೋರುತ್ತದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎರಡೂ ಆಕೆಗೆ ಒಂದೇ ಸಲಕ್ಕೆ ಕಾಣುತ್ತಿದ್ದವು. ಕಳೆದುಹೋದ ಸರ, ಓಡಿಹೋದ ಗುಮಾಸ್ತ, ಹೀಗೆ ಏಳೆಂಟು ಗೋಜಲುಗಳನ್ನು ಆಕೆ ಬಿಡಿಸಿದ್ದನ್ನು ಬ್ರೋಕರ್ ಪಕ್ಕದಲ್ಲೇ ನಿಂತು ಕಂಡಿದ್ದ. ಪ್ರತಿ ಸಲವೂ ಆಕೆಯಿಂದ ಬೈಸಿಕೊಂಡೂ ಇದ್ದ.

ಹನ್ನೆರಡರ ಹೊತ್ತಿಗೆ ಮೀಟರಮ್ಮ ಟಾರ್ಚು ಹಿಡಿದು ಮೆಟ್ಟಿಲು ಹತ್ತಿ ಬಂದಳು. "ಮೊದಲಿಂದ ಹೇಳು. ನಿನಗೆ ಮುಖ್ಯ ಅಲ್ಲ ಅನ್ನಿಸಿದ್ದನ್ನೂ ಹೇಳು."

"ಮೊದಲನೇ ಗಿರಾಕಿ ಹೇಳದೇ ಕೇಳದೇ ಒಂದು ಬುಧವಾರ ಬಂದುಬಿಟ್ಟ, ಅತ್ತೆ. ಆವತ್ತು ಗೋಡೆ ಒಣಗೇ ಇತ್ತು. ಅಲ್ಲಿರೋ ಎಣ್ಣೆ ಕಲೆ ನೋಡಿ ಮೂಗು ಮುರಿದ, ಹೋದ. ತೀರಿಕೊಂಡ ಅವರಪ್ಪ ನಲವತ್ತು ವರ್ಷ ಅಲ್ಲೇ ಒರಗಿ ಕೂರ್ತಿದ್ರಂತೆ, ತಲೆಯೆಣ್ಣೆ ಗುರುತು. ಬಳಿದುಬಿಡೋ ಅಂದ್ರೆ ಈ ಪೇಂಟರು, ಅಪ್ಪನ ಗುರುತಿಗೆ ಬ್ರಶ್ ಮುಟ್ಟಿಸಲ್ಲ ಅಂತ ಜಗಳಕ್ಕೇ ಬಂದ. ಆಮೇಲೆ ನಾನು ಎಲ್ಲಾ ನನ್ನ ಪದ್ಧತಿ ಪ್ರಕಾರ ಮಾಡಿದೆ. ಗಿರಾಕಿ ಬರೋದು ಭಾನುವಾರ ಹತ್ತಕ್ಕೆ ಮಾತ್ರ. ಮನೆಯವರು ಕಣ್ಣಿಗೆ ಬೀಳಬಾರದು, ಅಕ್ಕ ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡಿರಬೇಕು. ಬೀದಿ ಸದ್ದು ಕೇಳಬಾರದು ಅಂತ ಶನಿವಾರ ಸಂಜೆನೇ ನಾನೇ ಬಂದು ಕಿಟಕಿ ಮುಚ್ಚಿ ಹೋಗ್ತೀನಿ. ಹಗ್ಗದ ಮೇಲೆ ಬಟ್ಟೆ ಇರಬಾರದು, ಗೋಡೆ ಫಳಫಳ ಅನ್ನಬೇಕು, ಬಾಗಿಲು ಕಿರುಗುಟ್ಟಬಾರದು. ಎಲ್ಲಾ ಅಕ್ಕಂಗೂ ಹೇಳಿದ್ದೆ. ಅಷ್ಟು ಮಾಡಿದ್ರೂ ಅಲ್ಲಿಂದ ಮೂರು ಭಾನುವಾರ ಮೂರು ಸಲವೂ ಗೋಡೆ ಒದ್ದೆ! ಸೋಮವಾರ ಬಂದು ಕಿಟಕಿ ತೆಗೆದು ನೋಡಿದ್ರೆ ಒಣಗಿರುತ್ತೆ."

"ಯಾರ ಮೇಲೆ ಅನುಮಾನ?"

"ಒಂದು ಈ ಪೇಂಟರು. ಮಾರೋದು ಅವನಿಗೆ ಇಷ್ಟ ಇಲ್ಲ, ಬೀಗದ ಕೈ ಅವನ ಹತ್ರಾನೂ ಇದೆ. ಇನ್ನೊಂದು ಪಕ್ಕದ ಮನೆಯ ಗಡಿಯಾರದಂಗಡಿಯವನು. ಆ ಗೋಡೆಯಾಚೆ ಅವನ ಬಚ್ಚಲು. ಯಾರೂ ತಗೊಳ್ಳದಿದ್ರೆ ನಾನೇ ತಗೋತೀನಿ ಅಂತ ಹಲ್ಲು ಕಿರೀತಾ ಇರ್ತಾನೆ."

ಮೀಟರಮ್ಮ ಮೊದಲು ನೀರಿನ ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನಲ್ಲಿಗಳನ್ನೆಲ್ಲ ಮುಚ್ಚಿಸಿ, ಹತ್ತು ನಿಮಿಷ ಅದರ ಮುಳ್ಳನ್ನೇ ನೋಡಿದಳು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ನಡುಮನೆಗೆ ಬಂದು ಗೋಡೆಯ ಮೇಲೆ ಓರೆಯಾಗಿ ಟಾರ್ಚು ಬಿಟ್ಟಳು. ಹಳೆಯ ಸುಣ್ಣದ ಗೋಡೆ, ಬಣ್ಣ ಕಂಡಿಲ್ಲ. ಒದ್ದೆ ಕಲೆ ನೆಲದಿಂದ ಒಂದು ಗೇಣು ಮೇಲೆ ಶುರುವಾಗಿ, ನಿಂತ ಬ್ರೋಕರನ ಭುಜದ ಹತ್ತಿರ ಬಿಲ್ಲಿನಂತೆ ಬಾಗಿ ಮುಗಿದಿತ್ತು. ನಡುವೆ ಎಣ್ಣೆಯ ಗುರುತು ಮಾತ್ರ ತಪ್ಪದೆ ಕಾಣುತ್ತಿತ್ತು.

"ಮೂಸಿ ನೋಡು."

ಬ್ರೋಕರ್ ಮುಖ ಸಿಂಡರಿಸಿಕೊಂಡೇ ಮೂಗು ತಾಗಿಸಿದ. "ಬೂಷ್ಟಿನ ವಾಸನೆ ಇಲ್ಲ. ಒಂಥರಾ ನಿಂಬೆಹಣ್ಣಿನ ವಾಸನೆ."

"ಸರಿ," ಎಂದು ಆಕೆ ಹಿಂದಿನ ಕೋಣೆಯ ಬಾಗಿಲು ತಟ್ಟಿ, ನೀರು ಕೇಳುವ ನೆಪದಲ್ಲಿ ಒಳಗೆ ಹೋದಳು. ಹಿಂದೆಯೇ ಬ್ರೋಕರನೂ ಇಣುಕಿದ. ಕೋಣೆಗೆ ಅಂಟಿಕೊಂಡೇ ಅಡುಗೆಮನೆ. ಅದರ ಕಿಟಕಿಯ ಸರಳಿನ ಮೇಲೆ ಒಂದು ನೀಲಿ ಒರೆಸುವ ಬಟ್ಟೆ ಒಣಗುತ್ತಿತ್ತು. ಅಕ್ಕ ಟೈಪ್ ಮಾಡುವುದನ್ನು ನಿಲ್ಲಿಸಿ, ಗಾಲಿಕುರ್ಚಿಯನ್ನು ಉರುಳಿಸಿಕೊಂಡು ಬಂದು, ಕೈ ಚಾಚಿ ಗೋಡೆಯ ಹಲಗೆಯಿಂದ ಲೋಟ ತೆಗೆದುಕೊಟ್ಟಳು.

"ನಡುಮನೇಲಿ ಬೆಳಕು ಚೆನ್ನಾಗಿದೆಯಲ್ಲ, ಅಲ್ಲೇ ಕೂತು ಕೆಲಸ ಮಾಡಬಾರ್ದಾ?" ಎಂದಳು ಮೀಟರಮ್ಮ.

"ಅಲ್ಲಿ ಕೂತ್ರೆ ಬಾಗಿಲಾಚೆ ಮೆಟ್ಟಿಲು ಕಾಣುತ್ತೆ ನೋಡಿ," ಎಂದು ಅಕ್ಕ ನಕ್ಕಳು. "ಹೊಟ್ಟೆ ಉರಿಯುತ್ತೆ. ಕೆಲಸ ಇದ್ದರಷ್ಟೇ ಹೋಗ್ತೀನಿ."

ಹೊರಗೆ ಬಂದ ಮೀಟರಮ್ಮ ಹೇಳಿದಳು: "ನಾಲ್ಕು ಗಂಟೆಗೆ ಎಲ್ಲರನ್ನೂ ಸೇರಿಸು. ಆ ಗಡಿಯಾರದವನನ್ನೂ ಕರಿ. ಕಿಟಕಿ ಮಾತ್ರ ಮುಚ್ಚೇ ಇರಲಿ."

ನಾಲ್ಕಕ್ಕೆ ನಡುಮನೆಯಲ್ಲಿ ಎಲ್ಲರೂ ಸೇರಿದರು. ಗೋಡೆ ಇನ್ನೂ ಒದ್ದೆಯಾಗಿಯೇ ಇತ್ತು. ಗಡಿಯಾರದಂಗಡಿಯವನು ಬರುವಾಗಲೇ ಜಗಳಕ್ಕೆ ತಯಾರಾಗಿ ಬಂದಿದ್ದ. "ನನ್ನ ಬಚ್ಚಲಿನ ಮಾತು ಯಾರಾದ್ರೂ ಎತ್ತಿದ್ರೆ ಸುಮ್ನಿರಲ್ಲ!"

"ನಿಮ್ಮ ಬಚ್ಚಲು ನಿರಪರಾಧಿ, ಕೂತ್ಕೊಳ್ಳಿ," ಎಂದಳು ಮೀಟರಮ್ಮ. "ಗೋಡೆಯಾಚೆಯಿಂದ ನೀರು ಬಂದಿದ್ರೆ ಬುಡದಿಂದ ಏರಬೇಕಿತ್ತು. ಇಲ್ಲಿ ಬುಡ ಒಣಗಿದೆ. ಇನ್ನು ಪೈಪು ಒಡೆದಿದ್ರೆ ಮೀಟರಿನ ಮುಳ್ಳು ತಿರುಗ್ತಿತ್ತು, ಅದೂ ಇಲ್ಲ. ಅಂದ್ಮೇಲೆ ಈ ನೀರನ್ನ ಯಾರೋ ಹೊರಗಿಂದ, ಕೈಯಾರೆ ಹಚ್ಚಿದ್ದಾರೆ. ಒಂದು ದಿನದಲ್ಲಿ ಒಣಗೋದೂ ಅದಕ್ಕೇ."

ಬ್ರೋಕರ್ ಪೇಂಟರನ ಕಡೆ ಬೆರಳು ತೋರಿಸಿಯೇಬಿಟ್ಟ. "ನಾನು ಹೇಳ್ಲಿಲ್ವಾ?"

"ಬೆರಳು ಮಡಚು. ಇವನು ಆರಡಿ ಆಳು. ನಿಂತು ಹಚ್ಚಿದ್ರೆ ನೀರು ಸೂರಿನ ಹತ್ರಕ್ಕೆ ಹೋಗ್ತಿತ್ತು. ಅದೂ ಅಲ್ದೆ, ಬೋರ್ಡ್ ಬರೆಯೋನ ಕೈ ನೆಟ್ಟಗೆ ಓಡುತ್ತೆ. ಇಲ್ಲಿ ನೋಡು, ಎಲ್ಲಾ ಕಮಾನು ಕಮಾನು. ಒಂದೇ ಕಡೆ ಕೂತು ಭುಜ ತಿರುಗಿಸಿ ಉಜ್ಜಿದ್ದು. ಕೆಳಗೆ ಬಗ್ಗೋಕಾಗದೆ ಒಂದು ಗೇಣು ಬಿಟ್ಟಿದ್ದು. ನಿಂಬೆ ವಾಸನೆ ಪಾತ್ರೆ ತೊಳೆಯೋ ಸೋಪಿಂದು. ಮನೆ ಕೆಡಿಸಬೇಕು ಅನ್ನೋನು ನೀರಿಗೆ ಸೋಪು ಯಾಕೆ ಹಾಕ್ತಾನೆ?"

ಬ್ರೋಕರ್ ಬೆರಳು ಮಡಚಿ, ಬಗ್ಗಿ ಗೋಡೆಯನ್ನು ಮತ್ತೊಮ್ಮೆ ಮೂಸಿದ.

"ಗಿರಾಕಿ ಹೇಳದೇ ಬಂದ ಬುಧವಾರ ಗೋಡೆ ಒಣಗಿತ್ತು. ಬರ್ತಾರೆ ಅಂತ ಗೊತ್ತಿದ್ದ ದಿನ ಮಾತ್ರ ಒದ್ದೆ. ಯಾವಾಗಿಂದ? ನಮ್ಮ ಬ್ರೋಕರ್ ಸಾಹೇಬರು ಗೋಡೆ ಫಳಫಳ ಅನ್ನಬೇಕು ಅಂತ ಅಪ್ಪಣೆ ಕೊಟ್ಟ ಮೇಲಿಂದ." ಮೀಟರಮ್ಮ ಹೋಗಿ ಹಿಂದಿನ ಕೋಣೆಯ ಬಾಗಿಲು ಪೂರ್ತಿ ತೆರೆದಳು. "ಬಾಮ್ಮ ಈಚೆಗೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ತೊಳೆದೆ ಗೋಡೇನ?"

ಗಾಲಿಕುರ್ಚಿ ಬಾಗಿಲಲ್ಲಿ ಬಂದು ನಿಂತಿತು. "ಆರೂವರೆಗೆ," ಎಂದಳು ಅಕ್ಕ. "ಯಾಕೆ? ಕಲೆ ಇನ್ನೂ ಹೋಗಿಲ್ವಾ?"

ಆಮೇಲೆ ಆಕೆಯ ಕಣ್ಣು ಗೋಡೆಯ ಮೇಲೆ ಬಿತ್ತು. "ಅಯ್ಯೋ, ಇದೇನು ಇನ್ನೂ ಒಣಗಿಲ್ಲ! ಅಮ್ಮ ತೊಳೆದಾಗ ಗಂಟೆಯೊಳಗೆ ಒಣಗ್ತಿತ್ತಲ್ಲ?"

"ನಿಮ್ಮಮ್ಮನ ಕಾಲದಲ್ಲಿ ಕಿಟಕಿ ತೆಗೆದಿರ್ತಿತ್ತು," ಎಂದಳು ಮೀಟರಮ್ಮ. "ಈಗ ಹಿಂದಿನ ಸಂಜೆನೇ ಬಂದು ಮುಚ್ಚಿ ಹೋಗೋ ಮಹಾರಾಯ ಒಬ್ಬ ಇದ್ದಾನೆ. ಸುಣ್ಣದ ಗೋಡೆ ಗಾಳಿ ಇಲ್ದೆ ಒಣಗಲ್ಲ. ನೀನು ಒಳಗೆ ಬಾಗಿಲು ಹಾಕ್ಕೊಂಡು ಕೂತಿದ್ದೆ, ನಿನಗೆ ಕಾಣಲಿಲ್ಲ. ಕಂಡವರು ಯಾರೂ ನಿನಗೆ ಹೇಳಲಿಲ್ಲ."

ಅಕ್ಕ ತಮ್ಮಂದಿರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ದಿಕ್ಕು ಸರಿಬರಲಿಲ್ಲ ಅಂದ್ರಲ್ಲೋ?"

"ನಿಂಗೆ ನೋವಾಗುತ್ತೆ ಅಂತ..." ಎಂದ ಡ್ರೈವರ್.

"ಅಪ್ಪ ಹೋದಮೇಲೆ ಆ ಗುರುತಿಗೆ ಒಂದು ಬಟ್ಟೆ ಸೋಕಿಸಿರಲಿಲ್ಲ ನಾನು." ಅಕ್ಕ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಉರುಳಿಸಿದಳು. "ಮನೆ ಮಾರಬೇಕಲ್ಲ ಅಂತ ಕಲ್ಲು ಮನಸ್ಸು ಮಾಡ್ಕೊಂಡು ಮೂರು ಸಲ ಉಜ್ಜಿದೆ. ಚಿಕ್ಕೋನಿಗೆ ಗೊತ್ತಾದ್ರೆ ಗಲಾಟೆ ಮಾಡ್ತಾನೆ ಅಂತ ಕದ್ದು ಉಜ್ಜಿದೆ. ನನ್ನ ಕೈಯಾರೆ ನಾನೇ ಬಂದವರನ್ನೆಲ್ಲ ಓಡಿಸಿದ್ನಲ್ಲೋ!"

ಪೇಂಟರ್ ಹೋಗಿ ಅಕ್ಕನ ಕುರ್ಚಿಯ ಪಕ್ಕದಲ್ಲಿ ನೆಲಕ್ಕೇ ಕೂತುಬಿಟ್ಟ. ಗಡಿಯಾರದಂಗಡಿಯವನು ಕೂಡ ಕರವಸ್ತ್ರ ಹುಡುಕಿದ. ಬ್ರೋಕರನಿಗೆ ಮಾತ್ರ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಒಂದು ತಿಂಗಳಿಂದ ಕಂಡಕಂಡವರನ್ನೆಲ್ಲ ಶಪಿಸಿದ್ದ. ಗೋಡೆ ತೊಳೆಸಿದವನು ತಾನು, ಅದು ಒಣಗದಂತೆ ಕಿಟಕಿ ಮುಚ್ಚಿದವನು ತಾನು, ವಿಷಯ ತಿಳಿಯದಂತೆ ಆಕೆಯನ್ನು ಒಳಗೆ ಕೂರಿಸಿದವನೂ ತಾನು. ನೆಲ ಬಿರಿದರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

"ತಪ್ಪಾಯ್ತು ಅಕ್ಕಾ," ಎಂದ.

"ತಪ್ಪಿನ ಮಾತು ಆಮೇಲೆ," ಎಂದಳು ಮೀಟರಮ್ಮ. "ಮೊದಲು ಕಿಟಕಿ ತೆಗಿ."

ಕೊನೆಯ ಭಾನುವಾರ ಬಂದದ್ದು ಕಟಿಂಗ್ ಶಾಪಿನವನು ಮತ್ತು ಅವನ ಹೆಂಡತಿ. ಕಿಟಕಿಗಳೆಲ್ಲ ತೆರೆದಿದ್ದವು, ಬೀದಿಯ ಸದ್ದೆಲ್ಲ ಒಳಗಿತ್ತು, ಅಕ್ಕ ನಡುಮನೆಯಲ್ಲೇ ಕೂತಿದ್ದಳು. ಇಪ್ಪತ್ತು ವರ್ಷದ ಪದ್ಧತಿ ಮುರಿದ ಬ್ರೋಕರ್ ಬಾಗಿಲಲ್ಲೇ ನಿಂತುಕೊಂಡ. ಕಟಿಂಗ್ ಶಾಪಿನವನು ನೆಟ್ಟಗೆ ಹೋಗಿ ಆ ಗೋಡೆಯ ಮುಂದೆಯೇ ನಿಂತ. ಬ್ರೋಕರ್ ಕಣ್ಣು ಮುಚ್ಚಿಕೊಂಡ.

"ಯಾರ ತಲೆ ಇದು?"

"ನಮ್ಮಪ್ಪಂದು," ಎಂದಳು ಅಕ್ಕ. "ಮೂರು ಸಲ ತೊಳೆದೆ, ಹೋಗಲಿಲ್ಲ."

"ಹೋಗಲ್ಲ ಬಿಡಿ. ನಮ್ಮ ಅಂಗಡಿ ಬೆಂಚಿನ ಹಿಂದೆ ಇಂಥವು ಸಾಲಾಗಿ ಏಳಿವೆ. ತೊಳೆದೂ ತೊಳೆದೂ ಕೈಬಿಟ್ಟೆ." ಅವನು ಗೋಡೆ ಸವರಿದ. "ಅಲ್ಲ, ಇಷ್ಟು ದೊಡ್ಡ ಮನೇಲಿ ಇಲ್ಲೇ ಯಾಕೆ ಕೂರ್ತಿದ್ರು?"

"ಕೂತು ನೋಡಿ."

ಅವನು ಕೂತ. ಕಿಟಕಿಯಿಂದ ಗಾಳಿ ಬಂದು ಅವನ ಅಂಗಿಯ ಕಾಲರು ಅಲುಗಿತು. ಐದು ನಿಮಿಷ ಅವನು ಏಳಲಿಲ್ಲ. ಹೆಂಡತಿ ಅಡುಗೆಮನೆಯಿಂದ ಕೂಗಿ ಕೇಳಿದಳು, "ಏನ್ರೀ, ಗೋಡೆ ಸರಿಯಾಗಿದೆಯಾ?" "ಗೋಡೆ ಸರಿಯಾಗಿದೆ, ನೀನು ದಿನಾ ಈ ಮೆಟ್ಟಿಲು ಹತ್ತೀಯಾ ಹೇಳು," ಎಂದ ಅವನು. ಅವಳು ಹತ್ತುತ್ತೇನೆ ಎಂದಳು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಅಕ್ಕನನ್ನು ಕುರ್ಚಿಯ ಸಮೇತ ಇಳಿಸಿದರು. ಮುಂದೆ ಇಬ್ಬರು ತಮ್ಮಂದಿರು, ಹಿಂದೆ ಬ್ರೋಕರ್ ಮತ್ತು ಗಡಿಯಾರದಂಗಡಿಯವನು. ಒಂದೊಂದು ಮೆಟ್ಟಿಲಿಗೂ ಅಕ್ಕ ಎಲ್ಲರನ್ನೂ ಬೈದಳು. ಮೀಟರಮ್ಮ ಮಾತ್ರ ಆ ಮನೆಯ ಕೊನೆಯ ರೀಡಿಂಗ್ ಬರೆದುಕೊಂಡು ಹಿಂದೆ ನಿಧಾನವಾಗಿ ಇಳಿದು ಬಂದಳು.

ಕೆಳಗೆ ರಸ್ತೆ ಸಮತಟ್ಟಾಗಿತ್ತು. ಡ್ರೈವರ್ ಕುರ್ಚಿ ತಳ್ಳಲು ಹಿಂದೆ ಬಂದ.

"ಕೈ ತೆಗಿಯೋ," ಎಂದಳು ಅಕ್ಕ. "ಇನ್ನು ನಾನೇ ಹೋಗ್ತೀನಿ."

ಆಮೇಲೆ ಒಮ್ಮೆಯೂ ಮೇಲೆ ನೋಡದೆ, ಕುರ್ಚಿ ಉರುಳಿಸಿಕೊಂಡು, ಐವರನ್ನೂ ಹಿಂದೆ ಬಿಟ್ಟು ಹೊರಟಳು.