ಕಣ್ತೂತಿಲ್ಲದ ಚೀಲ

"ಬೇರೆ ಯಾರ ಚೀಲಕ್ಕಾದ್ರೂ ಕೈ ಹಾಕು. ಕಣ್ಣಿಗೆ ತೂತಿಲ್ಲದ ಆ ಚೀಲಕ್ಕೆ ಮಾತ್ರ ಬೇಡ," ಎಂದ ಓಟಿಸ್.

ಟ್ರೆವರ್ ಹಾಲ್ವರ್ಸನ್ ಬೂಟಿನ ದಾರ ಬಿಗಿಯುತ್ತ ನಕ್ಕ. ಏರಿ ಸ್ಟರ್ಜನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಚೆಂಡು ಒದೆಯುವ ತನ್ನ ಹಳೇ ಕಿಕ್ಕರನನ್ನು ಓಡಿಸಿ ಇವನನ್ನು ತಂದು ವಾರವೂ ಆಗಿರಲಿಲ್ಲ. ನಾಲ್ಕು ತಂಡಗಳು ಹೊರದಬ್ಬಿದ ಕಾಲು ಇವನದು. ಇಲ್ಲೂ ನಿಲ್ಲದಿದ್ದರೆ ಮಾವನ ಟೈರ್ ಅಂಗಡಿಯೇ ಗತಿ. ತಂಡದ ಸ್ಥಿತಿಯೋ ದೇವರಿಗೇ ಪ್ರೀತಿ! ಆ ವರ್ಷ ಆಡಿದ್ದೆಲ್ಲ ಸೋಲು, ಉಳಿದದ್ದು ಇದೊಂದೇ ಆಟ. ಅಭಿಮಾನಿಗಳು ನಾಚಿಕೆಗೆ ಕಿರಾಣಿ ಅಂಗಡಿಯ ಕಂದು ಕಾಗದದ ಚೀಲ ತಲೆಗೆ ಕವುಚಿಕೊಂಡು, ಕಣ್ಣಿಗೆರಡು ತೂತು ಕೊರೆದುಕೊಂಡು ಬಂದು ಕೂರುತ್ತಿದ್ದರು. ಆಟಕ್ಕೆ ಮುಂಚೆ ಅಂಥದೊಂದು ಚೀಲವನ್ನು ಟಿವಿ ಕ್ಯಾಮೆರಾ ಮುಂದೆ ಕಿತ್ತೆಸೆಯುತ್ತೇನೆಂದು ಟ್ರೆವರ್ ಕೊಚ್ಚಿಕೊಂಡಿದ್ದ.

"ಅದನ್ನ ಹಾಕ್ಕೊಂಡಿರೋದು ನೋವಾಟ್ನಿ ಅಜ್ಜಿ. ಅವಳ ಮಗ ಇಲ್ಲೇ ಕಿಕ್ಕರ್ ಆಗಿದ್ದ. ಹೋದ ವರ್ಷ ಕೊನೇ ಒದೆ ತಪ್ಪಿತು. ಊರೆಲ್ಲ ಬೂ ಅಂತು, ಮನೆ ಮುಂದೆ ನಿಂತೂ ಅಂತು. ಹುಡುಗ ಸರೋವರಕ್ಕೆ ಹಾರಿದ." ಒದೆಯುವವನಿಗೆ ಚೆಂಡು ನಿಲ್ಲಿಸಿಕೊಡುವ ಓಟಿಸ್ ತನ್ನ ದಪ್ಪ ಬೆರಳುಗಳಿಗೆ ಟೇಪು ಸುತ್ತಿಕೊಂಡ. "ಮಣ್ಣು ಮಾಡಿದ ದಿನಾನೇ ಚೀಲ ಹಾಕ್ಕೊಂಡ್ಳು. ಈ ಟೀಮ್ ಗೆಲ್ಲೋವರೆಗೂ ಬೆಳಕು ನೋಡಲ್ಲ ಅಂದ್ಳು. ನಡುವೆ ಅದನ್ನ ಕಿತ್ತವನ ತಲೆಗೆ ಆ ಕತ್ತಲು ಏರುತ್ತೆ, ಟೀಮ್ ಗೆದ್ರೇನೇ ಇಳಿಯುತ್ತೆ. ಅವತ್ತಿಂದ ನಾವು ಗೆದ್ದೇ ಇಲ್ಲ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ! ಸೋಲೋದು ನೀವು, ಬೈಸ್ಕೊಳ್ಳೋದು ಮುದುಕಿನಾ?"

ಮೈದಾನಕ್ಕಿಳಿದವನೇ ನೇರ ಗೋಲ್‌ಕಂಬದ ಹಿಂದಿನ ಮೊದಲ ಸಾಲಿಗೆ ಹೋದ. ಕ್ಯಾಮೆರಾ ಹಿಂದೆಯೇ ಬಂತು. "ಅಜ್ಜಿ, ಒಂದು ಗೆಲುವು ಕಣ್ತುಂಬ ನೋಡ್ಕೊಂಡು ಹೋಗು!" ಎಂದು ಚೀಲ ಕಿತ್ತ.

ಸುತ್ತಲಿನ ನಗು ಸತ್ತಿತು. ನೆನೆದ ಕಾಗದದ, ಕೊಳೆತ ಕೆಸರಿನ ವಾಸನೆ ಮುಖಕ್ಕೆ ಬಡಿಯಿತು. ಒಳಗಿದ್ದದ್ದು ಬಿಳಿಚಿದ ಒಂದು ಮುದಿ ಮುಖ, ಅಷ್ಟೇ. ಕಣ್ಣು ಪಿಳಿಪಿಳಿ ಬಿಟ್ಟು ಬೆಳಕು ಕುಡಿಯಿತು.

"ಬಂದ್ಯಾ? ಇದನ್ನ ಕೀಳೋಕೆ ಯಾರೂ ಬರ್ಲೇ ಇಲ್ಲ ನೋಡು," ಎಂದಳು ಅಜ್ಜಿ. "ಥ್ಯಾಂಕ್ಸ್, ಮಗು."

ಟ್ರೆವರ್ ಚೀಲವನ್ನು ಮುದುರಿ ಹಿಮದಲ್ಲಿ ಎಸೆದ. ವಾಸನೆ ಮಾತ್ರ ಹೋಗಲಿಲ್ಲ. ಸಾಸಿವೆ ಹಚ್ಚಿದ ಹಾಟ್‌ಡಾಗಿನ, ಚೆಲ್ಲಿದ ಬಿಯರಿನ ಘಾಟನ್ನೂ ಮೀರಿ ಅವನ ಮೂಗಿಗೇ ಅಂಟಿಕೊಂಡಿತು. ಸಂಜೆಯಾಗುತ್ತ ಬಂದಂತೆ ಕಣ್ಣಂಚಿನಲ್ಲಿ ಮಬ್ಬು ಕವಿಯಿತು. ದೀಪ ಸರಿಯಿಲ್ಲ ಎಂದುಕೊಂಡ.

ಕೊನೆಯ ಗಳಿಗೆ. ಎರಡೇ ಅಂಕ ಹಿಂದೆ; ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು. ಶಾಲೆ ಹುಡುಗರೂ ಹಾಕುವಷ್ಟು ಹತ್ತಿರದ ಒದೆ. ಮಬ್ಬಿನಲ್ಲೇ ಓಡಿ ಒದ್ದ. ಚೆಂಡು ಕಂಬಗಳ ನಟ್ಟನಡುವೆ ಹಾರಿತು. ಇಡೀ ಕ್ರೀಡಾಂಗಣ ಎದ್ದು ಕುಣಿಯಿತು.

ರೆಫರಿಯ ಶಿಳ್ಳೆ ಕೇಳಿತು. ಎದುರಾಳಿ ಕೋಚ್ ಒದೆಗೆ ಮುಂಚೆಯೇ ಆಟ ನಿಲ್ಲಿಸುವ ಟೈಮ್‌ಔಟ್ ಕೇಳಿದ್ದ. ಕಿಕ್ಕರನ ಎದೆ ತಣ್ಣಗಾಗಿಸುವ ಹಳೇ ಕುಯುಕ್ತಿ. ಆ ಒದೆ ಲೆಕ್ಕಕ್ಕಿಲ್ಲ, ಮತ್ತೆ ಒದೆಯಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಎಲ್ಲವೂ ಕಪ್ಪಾಯಿತು. ಮುಖ ತಡವಿಕೊಂಡ. ಬರೀ ಚರ್ಮ. ಆದರೆ ಉಸಿರು ಬಿಟ್ಟಾಗಲೆಲ್ಲ ಕಾಗದ ಚರಚರ ಎಂದಿತು.

"ಓಟಿಸ್, ಕಾಣ್ತಿಲ್ಲ ಕಣೋ. ಏನೂ ಕಾಣ್ತಿಲ್ಲ!"

"ಕಿತ್ತೆ ತಾನೆ? ಬಡ್ಕೊಂಡೆ ನಿಂಗೆ."

"ಗೆದ್ರೆ ಹೋಗುತ್ತೆ ಅಂದ್ಯಲ್ಲ?"

"ಗೆದ್ರೆ ಹೋಗುತ್ತೆ. ನನ್ನ ದನಿ ಹಿಡ್ಕೊಂಡು ಬಾ. ಒದಿ."

ಇನ್ನು ಕೆಲಸದ ಮಾತಲ್ಲ. ಕಣ್ಣಿನ ಮಾತು. ಹೆಜ್ಜೆ ಇಟ್ಟ. ಕತ್ತಲು. ಮತ್ತೊಂದು. ಕೆಸರಿನ ವಾಸನೆ. "ಈಗ!" ಒದ್ದ. ಕಾಲಿಗೆ ಚೆಂಡು ಸರಿಯಾಗಿಯೇ ಸಿಕ್ಕಿತು. ಉಸಿರು ಹಿಡಿದ. ಊರೇ ಉಸಿರು ಹಿಡಿಯಿತು.

ಠಣ್.

ಕಬ್ಬಿಣದ ಕಂಬ.

ಆ ಮೌನದಲ್ಲಿ ಮೊದಲು ಒಂದೇ ಒಂದು ದನಿ ಎದ್ದಿತು. ಮೊದಲ ಸಾಲಿನಿಂದ. ಮುದಿ ಗಂಟಲು.

"ಬೂ..."

ಯಾವ ಕೂಗು ಮಗನನ್ನು ನುಂಗಿತ್ತೋ ಅದನ್ನೇ ಆ ತಾಯಿ ಹೊಟ್ಟೆತುಂಬ ಕೂಗಿದಳು. ಹಿಂದೆಯೇ ಸಾವಿರಾರು ಗಂಟಲು ಸೇರಿಕೊಂಡವು. ಟ್ರೆವರ್ ಹಿಮದಲ್ಲಿ ಮಂಡಿಯೂರಿ ಮುಖ ಪರಚಿಕೊಂಡ. ರಕ್ತ ಬಂತು, ಬೆಳಕು ಬರಲಿಲ್ಲ.

ಓಟಿಸ್ ರಟ್ಟೆ ಹಿಡಿದು ಎಬ್ಬಿಸಿದ.

"ಮುಂದಿನ ಆಟ ಯಾವತ್ತು?"

"ಸೆಪ್ಟೆಂಬರಿಗೆ."

"ನನ್ನ ಇಟ್ಕೋತಾರಾ?"

ಓಟಿಸ್ ಅವನ ಭುಜದ ಹಿಮ ಕೊಡವಿದ. "ಬೇರೆ ಯಾರನ್ನೋ ತರ್ತಾರೆ. ನಿನ್ನ ಕೆಲಸ ಕಿತ್ಕೊಳ್ಳೋ ಅವನು ಚೆನ್ನಾಗಿ ಒದೀಲಿ ಅಂತ ದೇವರನ್ನ ಬೇಡ್ಕೋ."